ಎರಡು ಬಾಗಿಲು

ಬೈತಖೋಲ ಬಂದರಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಟಗ್ ನಡೆಸಿದವ ನಾನು.
ಡಾಂಬರು ತಂದ ಹಡಗು, ಕಾಕಂಬಿ ಒಯ್ಯುವ ಹಡಗು,
ಓಣಿಯಷ್ಟು ಉದ್ದದವನ್ನು ಮೂಗಿನಿಂದ ದೂಡಿ ದೂಡಿ
ದಕ್ಕೆಗೆ ಒರಗಿಸುವುದು.
ಆತುರಪಟ್ಟರೆ ಹಗ್ಗ ಹರಿಯುತ್ತದೆ,
ಹಗ್ಗ ಹರಿದರೆ ಯಾರದೋ ಕಾಲು ಹೋಗುತ್ತದೆ.
ಸಾವಕಾಶಕ್ಕೇ ಸಂಬಳ ಕೊಟ್ಟರು ನನಗೆ.

ನಿವೃತ್ತಿಯ ದುಡ್ಡು ಬಂದ ವಾರ
ರುಜಾರನ ಗ್ಯಾರೇಜಿಗೆ ಹೋಗಿ ಹೇಳಿದೆ:
ಎರಡೇ ಬಾಗಿಲಿನದು ಬೇಕು, ಓಡುವಂಥದ್ದು,
ನಾಲ್ಕು ಲಕ್ಷದ ಒಳಗೆ.
ಅವ ಪಾನಾ ಕೆಳಗಿಟ್ಟು
ಎಣ್ಣೆಗೈಯಲ್ಲೇ ನನ್ನ ಹಣೆ ಮುಟ್ಟಿ ನೋಡಿದ.

ತಿಂಗಳು ಹುಡುಕಿ ಎರಡು ತಂದ.

ಕೆಂಪಿನದು ಮಡಗಾಂವಿನ ಹಲ್ಲಿನ ಡಾಕ್ಟರರದು.
ಬಿಣಗಾ ಸುರಂಗದಲ್ಲಿ ಮೂರನೇ ಗೇರಿಗೆ ಹಾಕಿ ತುಳಿದೆ;
ಗೋಡೆಗಳೆರಡೂ ಒಟ್ಟಿಗೆ ಕೂಗಿ
ಬೆನ್ನುಹುರಿಯಲ್ಲಿ ಯಾರೋ ಬೀಗ ತೆಗೆದಂತಾಯಿತು.
ಆಚೆ ಬೆಳಕಿಗೆ ಬಿದ್ದಾಗ ನನಗೆ ಹತ್ತೊಂಬತ್ತು ವರ್ಷ,
ತಲೆಯಲ್ಲಿ ಕೂದಲೂ ಇತ್ತು.
ರುಜಾರ ಮಾತ್ರ ಅಡಿಗೆ ನುಸುಳಿ
ಸ್ಕ್ರೂಡ್ರೈವರಿನಿಂದ ಟಕ್ ಟಕ್ ಬಡಿದ.
'ಉಪ್ಪು ತಿಂದಿದೆ' ಅಂದ. 'ಹಪ್ಪಳ.'

ಬೂದಿಬಣ್ಣದ್ದು ಕೈಗಾ ಕಾಲನಿಯ ಇಂಜಿನಿಯರರದು.
ಹಾಕಿಸಿದ ಪ್ರತಿ ಲೀಟರೂ ನೋಟುಬುಕ್ಕಿನಲ್ಲಿದೆ.
ಕೊನೆಯ ಪುಟ: 'ಬೇಸರವಿಲ್ಲದೆ ಮಾರುತ್ತಿದ್ದೇನೆ.'
ಮೊದಲ ಶಬ್ದಕ್ಕೆ ಆಮೇಲೆ ಕಾಟು ಹೊಡೆದಿದ್ದಾರೆ.
ಇದು ಕೂಗುವುದಿಲ್ಲ. ತಿರುವಿನಲ್ಲಿ
ಹೇಳುವ ಮೊದಲೇ ಕೇಳಿಸಿಕೊಳ್ಳುತ್ತದೆ,
ಒಳ್ಳೆಯ ಖಲಾಸಿಯ ಹಾಗೆ.
ಆದರೆ ಶಾಲೆಯೆದುರಿನ ಹಂಪಿನಲ್ಲಿ ಹೊಟ್ಟೆ ಉಜ್ಜಿ
ಎಂಥ ಒಂದು ಶಬ್ದ ಮಾಡಿತೆಂದರೆ
ಗೇಟಿನ ಮೇಲೆ ಕೂತ ಬೆಕ್ಕು ಎದ್ದು ಹೋಯಿತು.

ಭಾವ ಪುಂಡಲೀಕ ಮಾಜಾಳಿಯಿಂದ ಫೋನು ಮಾಡಿದ:
'ಅದೇ ದುಡ್ಡಿಗೆ ಏಳು ಜನ ಕೂರುವ ವ್ಯಾನು ಸಿಗ್ತದಲ್ಲ ಮಾರಾಯ,
ಎಲ್ಲರೂ ಹೋಗಿ ಬರಬಹುದು.'
ಅದಕ್ಕೇ, ಅನ್ನಬೇಕೆಂದಿದ್ದೆ. ಅನ್ನಲಿಲ್ಲ.

ರಾತ್ರಿ ಕೋಡಿಬಾಗದ ನಮ್ಮ ಓಣಿಯನ್ನು
ಹಳೆಯ ಟಗ್ಗಿನ ಹಗ್ಗದಿಂದ ಅಳೆದೆ.
ಎರಡೇ ಬಾಗಿಲಿದ್ದರೆ ಬಾಗಿಲು ಉದ್ದ,
ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.
ತಾಂಡೇಲರ ಕಾಂಪೌಂಡಿಗೂ ನಮ್ಮ ಬಾವಿಕಟ್ಟೆಗೂ ನಡುವೆ
ಕೆಂಪಿನದು ಮುಕ್ಕಾಲು ತೆರೆಯುತ್ತದೆ,
ಬೂದಿಯದು ಅರ್ಧ.
ಅರ್ಧ ಬಾಗಿಲಿನಲ್ಲಿ ಇಳಿಯುವಷ್ಟು ತೆಳ್ಳಗಿನವರು
ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಟಾರ್ಚು ಹಿಡಿದವಳು ಸುಲಕ್ಷಾ.
ಮೂವತ್ತು ವರ್ಷ ನನ್ನ ಸ್ಕೂಟರಿನ ಹಿಂದೆ
ಒಂದೇ ಬದಿಗೆ ಕಾಲು ಹಾಕಿ
ಸಿಲಿಂಡರು, ಅಕ್ಕಿಚೀಲ, ನನ್ನ ತಂಗಿಯ ಮಗು,
ಒಮ್ಮೆ ಆಳೆತ್ತರದ ಕನ್ನಡಿ ಹಿಡಿದು ಕೂತವಳು.
ಆ ದಿನ ದಾರಿಯುದ್ದಕ್ಕೂ ಹಿಂದೆ ಬಂದವರಿಗೆಲ್ಲ
ಅವರವರದೇ ಮುಖ ಕಂಡಿತಂತೆ.
'ಎರಡರಲ್ಲೂ ಹಿಂದೆ ಸೀಟಿಲ್ಲ, ಅಲ್ವ?' ಕೇಳಿದಳು.
ಇದೆ, ಒಂದು ಚೀಲ ಇಡುವಷ್ಟು.
'ಒಳ್ಳೇದಾಯ್ತು.'
ಆಮೇಲೆ, ಹಗ್ಗ ಸುತ್ತುತ್ತ:
'ಯಾವುದರ ಕ್ಲಚ್ಚು ಹಗುರ?'

ಮೈಲೇಜು ಕೇಳಿದ್ದೆ, ಟೈರು, ವಿಮೆ,
ಬಿಡಿಭಾಗ ಎಲ್ಲಿಂದ ಬರಬೇಕು, ಎಲ್ಲ ಕೇಳಿದ್ದೆ.
ಕಪಾಟಿನಲ್ಲಿ ಸೀರೆಗಳ ಕೆಳಗೆ ಅವಳ ಲೈಸೆನ್ಸಿದೆ,
ಎರಡು ಸಲ ನವೀಕರಿಸಿದ್ದು.
ಗೊತ್ತಿತ್ತು ನನಗೆ,
ಹಡಗಿನಡಿ ನೀರಿದೆ ಎಂದು ಗೊತ್ತಿರುವ ಹಾಗೆ.

ಬೂದಿಯದನ್ನು ರುಜಾರ ಎರಡು ದಿನ ನಮ್ಮಲ್ಲೇ ಬಿಟ್ಟಿದ್ದ.
ಮರುದಿನ ಸಂಜೆ, ಹೆದ್ದಾರಿ ಬದಿ ನಿಲ್ಲಿಸಿದ್ದ ಅದರಲ್ಲಿ
ಕೂರಲು ಹೋದರೆ
ಮೊಣಕಾಲು ಸ್ಟೀರಿಂಗಿಗೆ ಬಡಿಯಿತು.
ಸೀಟು ಮುಂದೆ ಬಂದಿದೆ. ಕನ್ನಡಿ ಕೆಳಗೆ ಬಾಗಿದೆ.
ಮ್ಯಾಟಿನ ಮೇಲೆ ತಿಳ್ಮಾತಿಯ ಕಪ್ಪು ಮರಳು, ಎಳ್ಳಿನಂತೆ.
ನೋಟುಬುಕ್ಕಿನಲ್ಲಿ ಕಾಟು ಹೊಡೆದ ಶಬ್ದದ ಕೆಳಗೆ
ಅವಳ ಗುಂಡಗಿನ ಅಕ್ಷರ: 'ಮೂರು ಲೀಟರು.'

ಸೀಟು ಹಿಂದೆ ತಳ್ಳಲು
ಅಡಿಯ ಸರಳಿಗೆ ಕೈ ಹಾಕಿದೆ.
ತೆಗೆದೆ.
ಇಳಿದು, ಸುತ್ತು ಬಂದು,
ಆ ಕಡೆಯ ಉದ್ದ ಬಾಗಿಲು ಪೂರ್ತಿ ತೆರೆದು
ಕೂತೆ.